ರಾತ್ರಿ ಸವಾರಿಗೆ ಹೊಸ ಸೈಕಲ್ ಲೈಟ್: ಮೂರು ರಾತ್ರಿಗಳ ಪರೀಕ್ಷೆ, ಕೆಲವು ಸಂದೇಹಗಳು

ಪ್ರಶ್ನೆ: ಮದ್ದೂರು ಸವಾರ

ಸವಾರ ಮಿತ್ರರಿಗೆಲ್ಲ ನಮಸ್ಕಾರ. ಮುಂದಿನ ತಿಂಗಳು ನಡೆಯುವ 300 ಕಿಲೋಮೀಟರ್ ಬ್ರೆವೆ ಎಂಬ ದೂರದ ಸೈಕಲ್ ಸವಾರಿಯೊಂದಕ್ಕೆ ಮೊದಲ ಬಾರಿಗೆ ಹೆಸರು ಕೊಟ್ಟಿದ್ದೇನೆ. 20 ಗಂಟೆಗಳೊಳಗೆ ಮುಗಿಸಬೇಕಾದ ಸವಾರಿಯಾದ್ದರಿಂದ, ನನ್ನ ವೇಗಕ್ಕೆ ಏನಿಲ್ಲವೆಂದರೂ ಆರೇಳು ಗಂಟೆ ಕತ್ತಲಲ್ಲೇ ಸಾಗಬೇಕಾಗುತ್ತದೆ. ಇಷ್ಟು ದಿನ ಬೆಳಗಿನ ಜಾವದ ಒಂದು ಗಂಟೆಯ ಕತ್ತಲಿಗೆ, ಟಾರ್ಚಿನಂತೆ ದುಂಡಗೆ ಬೆಳಕು ಚೆಲ್ಲುವ ಹಳೆಯ ಲೈಟೇ ಸಾಕಾಗಿತ್ತು. ಆದರೆ ಎದುರಿನಿಂದ ಬರುವ ಬೈಕ್ ಸವಾರರು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಹಾದುಹೋಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಹಾಗಾಗಿ, ಕಾರಿನ ಡಿಮ್ ಲೈಟಿನಂತೆ ಬೆಳಕಿನ ಮೇಲಂಚು ಗೆರೆ ಎಳೆದಂತೆ ನಿಂತು, ರಸ್ತೆಯ ಮೇಲಷ್ಟೇ ಬೀಳುವಂಥ ಹೊಸ ಲೈಟೊಂದನ್ನು ಕಳೆದ ವಾರ ಕೊಂಡೆ. ಪೆಟ್ಟಿಗೆಯ ಮೇಲೆ 1000 ಲೂಮೆನ್ (ಲೈಟು ಚೆಲ್ಲುವ ಒಟ್ಟು ಬೆಳಕಿನ ಅಳತೆ), 5000 ಎಂಎಎಚ್ ಬ್ಯಾಟರಿ, ಪೂರ್ಣ ಬೆಳಕಿನಲ್ಲಿ 3 ಗಂಟೆ ಎಂದು ಬರೆದಿದೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಸೈಕಲ್‌ಗಳಿಗೆ ಅವಕಾಶವಿಲ್ಲ. ಹೀಗಾಗಿ ನಮ್ಮಂಥವರಿಗೆ ಉಳಿದಿರುವುದು ಸರ್ವಿಸ್ ರಸ್ತೆಗಳು ಮತ್ತು ಊರುಗಳ ನಡುವಿನ ರಸ್ತೆಗಳು ಮಾತ್ರ. ಮದ್ದೂರಿನಿಂದ ಕೆ.ಎಂ. ದೊಡ್ಡಿ ಮಾರ್ಗವಾಗಿ ಮಳವಳ್ಳಿಯ ಕಡೆಗೆ ಮೂರು ರಾತ್ರಿ ಹೋಗಿ ಬಂದು ಲೈಟನ್ನು ಪರೀಕ್ಷಿಸಿದೆ. ಸೈಕಲ್ಲಿನ ಮುಂದೆ ಐದಾರು ಮೀಟರಿನವರೆಗೆ ಬೆಳಕು ಹಾಲು ಚೆಲ್ಲಿದಂತೆ ಬೀಳುತ್ತದೆ. ಆದರೆ ಅದರಾಚೆ ಏನೂ ಕಾಣುವುದಿಲ್ಲ. ರೈತರು ಹುರುಳಿಯನ್ನು ರಸ್ತೆಗೆ ಹರಡಿದಾಗ ಸುತ್ತ ಕಲ್ಲು ಇಡುವುದು ನಿಮಗೆ ಗೊತ್ತಿದೆ. ಕಾಳು ಬಾಚಿಕೊಂಡು ಹೋದ ಮೇಲೆ ಉಳಿದಿದ್ದ ಅಂಥದೊಂದು ಕಲ್ಲು ಎರಡನೆಯ ರಾತ್ರಿ ಬಹಳ ಹತ್ತಿರ ಬಂದ ಮೇಲಷ್ಟೇ ಕಣ್ಣಿಗೆ ಬಿತ್ತು. ಅದನ್ನು ತಪ್ಪಿಸಿದ್ದು ನನ್ನ ಜಾಣತನದಿಂದಲ್ಲ, ಅದೃಷ್ಟದಿಂದ.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಮೂರನೆಯ ರಾತ್ರಿಯ ಕಬ್ಬಿನ ಗಾಡಿ. ಅದಕ್ಕೆ ಹಿಂದೆ ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇರಲಿಲ್ಲ. ನನ್ನ ಬೆಳಕಿಗೆ ಮೊದಲು ಸಿಕ್ಕಿದ್ದು ಗಾಡಿಯ ಚಕ್ರದ ಕೆಳಭಾಗ ಮಾತ್ರ. ಹಿಂದಕ್ಕೆ ಚಾಚಿಕೊಂಡಿದ್ದ ಜಲ್ಲೆಗಳ ತುದಿಗಳು, ಸರಿಯಾಗಿ ನನ್ನ ಮುಖದ ಎತ್ತರದಲ್ಲಿ, ಪೂರ್ತಿ ಕತ್ತಲಲ್ಲಿದ್ದವು. ಹಳೆಯ ಲೈಟಾಗಿದ್ದರೆ ಅವು ಮೊದಲೇ ಕಾಣುತ್ತಿದ್ದವು.

ನನ್ನ ಸಂದೇಹಗಳು ಇಷ್ಟು. ಮೇಲಂಚು ಕತ್ತರಿಸಿದ ಬೆಳಕು ನಮ್ಮ ರಸ್ತೆಗಳಿಗೆ ಹೊಂದುವುದೇ ಇಲ್ಲವೋ, ಅಥವಾ ನಾನು ಅದನ್ನು ಕೂರಿಸಿರುವುದರಲ್ಲೇ ತಪ್ಪಿದೆಯೋ? ಪೂರ್ಣ ಬೆಳಕು 1 ಗಂಟೆ 50 ನಿಮಿಷಕ್ಕೇ ಕುಗ್ಗಿತು, ಮನೆಯಲ್ಲಿ ಮೇಜಿನ ಮೇಲಿಟ್ಟು ಉರಿಸಿದಾಗಲಂತೂ 20 ನಿಮಿಷಕ್ಕೇ ಮಂಕಾಯಿತು. ಇದು ಲೈಟಿನ ದೋಷವೆಂದು ಹಿಂದಿರುಗಿಸಬೇಕೇ?

ಉತ್ತರ: ಎರಡು ಗಾಲಿ

ಹಿಂದಿರುಗಿಸುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಲೈಟನ್ನು ಗೋಡೆಗೆ ಹಿಡಿದು ನೋಡಿ ಎಂದು ಕೇಳಿಕೊಳ್ಳುತ್ತೇನೆ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಅದು ತೀರಾ ಕೆಳಕ್ಕೆ ಬಾಗಿದೆ. ಸಮತಟ್ಟಾದ ಜಾಗದಲ್ಲಿ ಸೈಕಲ್ಲನ್ನು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ನೀವು ಸೀಟಿನ ಮೇಲೆ ಕುಳಿತಿರುವಾಗ ಇನ್ನೊಬ್ಬರಿಂದ ಗೋಡೆಯ ಮೇಲೆ ಗುರುತು ಹಾಕಿಸಿ. ಲೈಟು ನೆಲದಿಂದ 1 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಬೆಳಕಿನ ಮೇಲಂಚು ಗೋಡೆಯ ಮೇಲೆ 80 ಸೆಂಟಿಮೀಟರ್ ಎತ್ತರದಲ್ಲಿ ನಿಂತರೆ, 5 ಮೀಟರಿಗೆ 20 ಸೆಂಟಿಮೀಟರ್ ಇಳಿದಂತಾಯಿತು, ಅಂದರೆ ಅದು ರಸ್ತೆಯನ್ನು ಮುಟ್ಟುವುದು 25 ಮೀಟರ್ ದೂರದಲ್ಲಿ. 90ಕ್ಕೆ ನಿಲ್ಲಿಸಿದರೆ 50 ಮೀಟರ್ ಸಿಗುತ್ತದೆ. ಬೆರಳಿನಿಂದ ಕೊಂಚ ಒತ್ತಿದರೂ ಲೆಕ್ಕ ಎಷ್ಟು ಬದಲಾಗುತ್ತದೆ ಎಂಬುದನ್ನು ಗಮನಿಸಿ. ಹ್ಯಾಂಡಲ್ ಚೀಲ ಕಟ್ಟುವವರಾದರೆ ಅದನ್ನೂ ಕಟ್ಟಿಕೊಂಡೇ ಅಳೆಯಿರಿ.

ಎಷ್ಟು ದೂರ ಬೇಕು ಎಂಬುದನ್ನು ನಿಮ್ಮ ವೇಗವೇ ನಿರ್ಧರಿಸುತ್ತದೆ. ಗಂಟೆಗೆ 25 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಕಲ್ಲು ಕಂಡು ಬ್ರೇಕಿಗೆ ಕೈ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೆ 10 ಮೀಟರ್ ಸರಿಯಿತು, ಒಣ ಟಾರಿನ ಮೇಲೆ ನಿಲ್ಲಲು ಇನ್ನೂ ಆರೇಳು ಮೀಟರ್ ಬೇಕು. ಇಳಿಜಾರಿನಲ್ಲಿ 40ರ ವೇಗ ಬಂದರೆ ಒಟ್ಟು 30 ಮೀಟರನ್ನೂ ದಾಟುತ್ತದೆ. ಐದಾರು ಮೀಟರಿಗೆ ಬೆಳಕು ಬೀಳುತ್ತಿದ್ದರೆ ಕಲ್ಲು ಹತ್ತಿರ ಬಂದ ಮೇಲೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ವಿಷಯವಿದೆ. ಚಕ್ರದ ಮುಂದೆಯೇ ಅತಿಯಾಗಿ ಬೆಳಕಿದ್ದರೆ ಕಣ್ಣಿನ ಪಾಪೆ ಅದಕ್ಕೆ ತಕ್ಕಂತೆ ಕಿರಿದಾಗಿ, ದೂರದ ಕತ್ತಲು ಇನ್ನಷ್ಟು ದಟ್ಟವಾಗಿ ಕಾಣುತ್ತದೆ. ಆದ್ದರಿಂದಲೇ ಲೂಮೆನ್ ಎಷ್ಟು ಎನ್ನುವುದಕ್ಕಿಂತ, ಆ ಬೆಳಕು ಎಲ್ಲಿ ಬೀಳುತ್ತದೆ ಎನ್ನುವುದನ್ನು ನಾನು ಮೊದಲು ನೋಡುತ್ತೇನೆ. ಜರ್ಮನಿಯ ನಿಯಮಗಳು ಸೈಕಲ್ ಲೈಟನ್ನು ಲಕ್ಸ್‌ನಲ್ಲಿ, ಅಂದರೆ 10 ಮೀಟರ್ ದೂರದಲ್ಲಿ ಬಿದ್ದ ಬೆಳಕನ್ನು ಅಳೆದು ಒಪ್ಪುವುದು ನನಗೆ ಸರಿಯೆನಿಸುವುದು ಇದೇ ಕಾರಣಕ್ಕೆ.

ಬ್ಯಾಟರಿಯ ಬಗ್ಗೆ ನಿಮ್ಮ ಲೈಟಿನಲ್ಲಿ ದೋಷವಿದೆ ಎಂದು ನನಗೆ ಅನ್ನಿಸುತ್ತಿಲ್ಲ. 5000 ಎಂಎಎಚ್‌ನ ಒಂದು ಲಿಥಿಯಂ ಸೆಲ್ಲಿನಲ್ಲಿರುವುದು ಸುಮಾರು 18 ವ್ಯಾಟ್-ಗಂಟೆ ಶಕ್ತಿ. 1000 ಲೂಮೆನ್ ಕೊಡಲು ಒಳ್ಳೆಯ ಎಲ್‌ಇಡಿಗೂ ಸುಮಾರು 9 ವ್ಯಾಟ್ ಬೇಕು, ಅಲ್ಲಿಗೆ ಸಿಗುವುದು ಎರಡು ಗಂಟೆ. ಟಾರ್ಚುಗಳಿಗೆ ಬಳಸುವ ಎಫ್‌ಎಲ್ 1 ಮಾನಕದಲ್ಲಿ ಬೆಳಕು ಆರಂಭದ ಶೇ. 10ಕ್ಕೆ ಇಳಿಯುವವರೆಗಿನ ಅವಧಿಯನ್ನೆಲ್ಲ ಉರಿಯುವ ಸಮಯವೆಂದು ಎಣಿಸುತ್ತಾರೆ. ಪೆಟ್ಟಿಗೆಯ 3 ಗಂಟೆ ಬಹುಶಃ ಅಂಥದೇ ಲೆಕ್ಕ. ಮೇಜಿನ ಮೇಲೆ 20 ನಿಮಿಷಕ್ಕೆ ಮಂಕಾದದ್ದು ಬಿಸಿಯಿಂದ. ಗಾಳಿಯಿಲ್ಲದೆ ಕಾದಾಗ ಲೈಟು ತನ್ನನ್ನು ತಾನು ಉಳಿಸಿಕೊಳ್ಳಲು ಬೆಳಕು ತಗ್ಗಿಸುತ್ತದೆ, ಸವಾರಿಯಲ್ಲಿ ಗಾಳಿಯೇ ಅದನ್ನು ತಂಪಾಗಿಡುತ್ತದೆ.

ಕಬ್ಬಿನ ಗಾಡಿಯ ವಿಷಯದಲ್ಲಿ ಮಾತ್ರ ನಿಮ್ಮ ಭಯ ನಿಜವಾದದ್ದು. ಲೈಟನ್ನು ಸರಿಯಾಗಿ ಕೂರಿಸಿದ ಮೇಲೂ ಮುಖದ ಎತ್ತರದ ಜಲ್ಲೆಗೆ ಅದರ ಬೆಳಕು ತಲುಪುವುದಿಲ್ಲ. ಅದಕ್ಕೆ ಹೆಲ್ಮೆಟ್ಟಿನ ಮೇಲೊಂದು ಪುಟ್ಟ ಟಾರ್ಚ್ ಇಟ್ಟುಕೊಳ್ಳಿ, 100–150 ಲೂಮೆನ್ ಸಾಕು. ಹೊಳೆಯುವ ಪಟ್ಟಿಗಳು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುತ್ತವೆ. ಹೆಲ್ಮೆಟ್ ಟಾರ್ಚು ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಪಟ್ಟಿಯಿರುವ ಗಾಡಿಗಳು, ಫಲಕಗಳು ಬಹಳ ದೂರದಿಂದಲೇ ಮಿನುಗುತ್ತವೆ. ಎದುರಿಗೆ ಯಾರಾದರೂ ಬಂದಾಗ ತಲೆ ತಗ್ಗಿಸುವುದನ್ನು ಮಾತ್ರ ಮರೆಯಬೇಡಿ.

ಉತ್ತರ: ಘಟ್ಟದಂಚು

ಎರಡು ಗಾಲಿ ಅವರ ಮಾತಿಗೆ ಮಲೆನಾಡಿನ ಅನುಭವದಿಂದ ಸ್ವಲ್ಪ ಸೇರಿಸುತ್ತೇನೆ. ಮಂಜು ಕವಿದಾಗ ಹೆಲ್ಮೆಟ್ ಟಾರ್ಚನ್ನು ಆರಿಸಲೇಬೇಕು. ಕಣ್ಣಿನ ಮಟ್ಟದಿಂದ ಹೊರಟ ಬೆಳಕು ಹನಿಗಳಿಗೆ ತಾಗಿ ನೇರ ಕಣ್ಣಿಗೇ ಮರಳಿ, ಮುಂದೆ ಬಿಳಿ ಪರದೆ ಕಟ್ಟಿದಂತಾಗುತ್ತದೆ. ಆಗ ಲೈಟು ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು. ನಾನು ಫೋರ್ಕಿನ ಮೇಲ್ಭಾಗದಲ್ಲಿ, ಚಕ್ರಕ್ಕೆ ಹತ್ತಿರ ಕೂರಿಸಿದ್ದೇನೆ. ಕೆಳಗಿನಿಂದ ಬೀಳುವ ಬೆಳಕಿಗೆ ಗುಂಡಿಯ ಅಂಚು, ಬಣ್ಣ ಬಳಿಯದ ಹಂಪ್ ಎಲ್ಲವೂ ಉದ್ದನೆಯ ನೆರಳು ಚೆಲ್ಲುವುದರಿಂದ ಮೊದಲೇ ತಿಳಿಯುತ್ತವೆ. ಆದರೆ ಸಣ್ಣ ಕುಳಿಯ ನೆರಳೂ ಹೊಂಡದಷ್ಟು ದೊಡ್ಡದಾಗಿ ಕಾಣುತ್ತದೆ, ಅದಕ್ಕೆ ಹೊಂದಿಕೊಳ್ಳಲು ನಾಲ್ಕೈದು ರಾತ್ರಿ ಬೇಕು.

ಮಳೆ ಬಂದ ಕಪ್ಪು ರಸ್ತೆಯ ಮೇಲೆ ಯಾವ ಲೈಟಿಗೂ ಪೂರ್ಣ ಅಂಕ ಸಿಗುವುದಿಲ್ಲ. ನೀರಿನ ಪದರ ಕನ್ನಡಿಯಾಗಿ ಬೆಳಕನ್ನು ಮುಂದಕ್ಕೇ ಜಾರಿಸಿಬಿಡುತ್ತದೆ, ನಮ್ಮ ಕಣ್ಣಿಗೆ ಮರಳುವುದು ತೀರಾ ಕಡಿಮೆ. ಅಲ್ಲಿ ವೇಗ ತಗ್ಗಿಸುವುದೊಂದೇ ದಾರಿ.

ಪ್ರಶ್ನೆ ಕೇಳಿದವರಿಂದ: ಮದ್ದೂರು ಸವಾರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ನಮ್ಮ ಮನೆಯ ಹಿಂದಿನ ಗೋಡೆಗೆ ಹಿಡಿದು ಅಳೆದೆ. ತಂಗಿ ಸೀಮೆಸುಣ್ಣದಿಂದ ಗುರುತು ಹಾಕಿದಳು. ಬೆಳಕಿನ ಮೇಲಂಚು ನಿಂತಿದ್ದುದು ಬರೀ 20 ಸೆಂಟಿಮೀಟರ್ ಎತ್ತರದಲ್ಲಿ! ಕೊಂಡ ದಿನ ಯಾರಿಗೂ ತೊಂದರೆಯಾಗಬಾರದೆಂದು ನಾನೇ ಅತಿಯಾಗಿ ಬಾಗಿಸಿದ್ದೆ. ಅದನ್ನು 82ಕ್ಕೆ ಏರಿಸಿ, ರಾತ್ರಿ ಅದೇ ರಸ್ತೆಗೆ ಹೋದೆ. ಅದೇ ಕಲ್ಲು ಇನ್ನೂ ಅಲ್ಲೇ ಇತ್ತು. ಈ ಸಲ ಬಹಳ ಮೊದಲೇ, ಅದರ ಹಿಂದಿನ ನೆರಳಿನ ಸಮೇತ ಕಂಡಿತು. ಸೈಕಲ್ ನಿಲ್ಲಿಸಿ ಅದನ್ನು ಎತ್ತಿ ಚರಂಡಿಯಾಚೆ ಇಟ್ಟು ಬಂದೆ. ಎದುರಿಗೆ ಬಂದ ಬೈಕುಗಳಲ್ಲಿ ಒಬ್ಬರೂ ಕಣ್ಣಿಗೆ ಕೈ ಅಡ್ಡ ಹಿಡಿಯಲಿಲ್ಲ ಎಂಬುದು ನನಗೆ ಅಷ್ಟೇ ಸಮಾಧಾನ ತಂದಿದೆ.

ಉಳಿದಿರುವುದು ಆರೇಳು ಗಂಟೆಗೆ ಬ್ಯಾಟರಿ ಸಾಲಿಸುವ ವಿಚಾರ. ಎಲ್ಲೆಲ್ಲಿ ಬೆಳಕು ತಗ್ಗಿಸಬಹುದು, ಪವರ್ ಬ್ಯಾಂಕ್ ಸಾಕೇ ಎಂದು ಅನುಭವಿಗಳು ತಿಳಿಸಬೇಕು.

ಉತ್ತರ: ಹಳೇ ಡೈನಮೋ

ಟೈರಿಗೆ ಉಜ್ಜುವ ಡೈನಮೋದಿಂದ ಆರಂಭಿಸಿ ಎಲ್ಲ ಬಗೆಯ ಲೈಟುಗಳನ್ನೂ ಬಳಸಿದ್ದೇನೆ. ಏರು ರಸ್ತೆಯಲ್ಲಿ ಗಂಟೆಗೆ 10–12ರ ವೇಗವಿರುವಾಗ 200 ಲೂಮೆನ್, ಸಮತಟ್ಟಿನಲ್ಲಿ 400, ಇಳಿಜಾರಿನಲ್ಲಿ ಮಾತ್ರ ಪೂರ್ಣ ಬೆಳಕು ಎಂದು ನಿಯಮ ಮಾಡಿಕೊಂಡರೆ ನಿಮ್ಮ ಬ್ಯಾಟರಿಯೇ ಐದು ಗಂಟೆಯ ಆಸುಪಾಸು ಬರುತ್ತದೆ. ಮಿಣುಕುವ ಮೋಡಿನಿಂದ ಬ್ಯಾಟರಿ ಉಳಿಸಲು ಹೋಗಬೇಡಿ. ಮಿಣುಕುವ ಬೆಳಕಿನಿಂದ ನಿಮ್ಮ ದೂರವನ್ನು ಅಂದಾಜು ಮಾಡುವುದು ಎದುರಿನವರಿಗೆ ಕಷ್ಟ, ಬ್ರೆವೆಯ ನಿಯಮವೂ ರಾತ್ರಿ ಹಿಂದೆ ಮುಂದೆ ಒಂದೊಂದು ಲೈಟು ಸ್ಥಿರವಾಗಿ ಉರಿಯಬೇಕೆನ್ನುತ್ತದೆ.

ಪವರ್ ಬ್ಯಾಂಕ್ ಕೊಳ್ಳುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಲೈಟು ಉರಿಯುತ್ತಿರುವಾಗಲೇ ವೈರ್ ಚುಚ್ಚಿ ನೋಡಿ. ಕೆಲವು ಲೈಟುಗಳು ಚಾರ್ಜ್ ಆಗುತ್ತಲೇ ಉರಿಯುತ್ತವೆ, ಕೆಲವು ತಕ್ಷಣ ಆರಿಹೋಗುತ್ತವೆ, ಇನ್ನು ಕೆಲವು ಅತಿ ಕಡಿಮೆ ಬೆಳಕಿಗೆ ಇಳಿದುಬಿಡುತ್ತವೆ. ನಿಮ್ಮದು ಆರುವ ಬಗೆಯದಾದರೆ ಪವರ್ ಬ್ಯಾಂಕನ್ನು ನೆಚ್ಚದೆ ಎರಡನೆಯ ಲೈಟನ್ನೇ ಜೊತೆಗಿಟ್ಟುಕೊಳ್ಳಿ. ಹಳೆಯ ದುಂಡು ಬೆಳಕಿನ ಲೈಟು ಇನ್ನೂ ಕೆಲಸ ಮಾಡುತ್ತಿದೆಯಲ್ಲ, ಅದೇ ಆಗುತ್ತದೆ. ಅದನ್ನು ಮಾತ್ರ ಚೆನ್ನಾಗಿ ಕೆಳಕ್ಕೆ ಬಾಗಿಸಿ ಕಟ್ಟಿ. ವೈರ್ ಚುಚ್ಚುವ ತೂತಿನ ರಬ್ಬರ್ ಮುಚ್ಚಳ ಗಟ್ಟಿಯಾಗಿ ಕೂರುತ್ತದೆಯೇ ಎಂಬುದನ್ನೂ ಹೊರಡುವ ಮುನ್ನ ನೋಡಿಕೊಳ್ಳಿ.