ಕುಡಿತ ಬಿಟ್ಟರೂ ಓದಿದ್ದು ತಲೆಗೆ ಹತ್ತುತ್ತಿಲ್ಲ: ಓದುಗರ ಸ್ಪಂದನ

ಸಮಸ್ಯೆ: ಹದಿನಾಲ್ಕು ವರ್ಷ ಕುಡಿದ ನಮ್ಮ ಯಜಮಾನರು ಬಿಟ್ಟು ಮೂರು ವಾರವಾಯಿತು. ಇಲಾಖಾ ಪರೀಕ್ಷೆಗೆ ಓದಲು ಕೂತರೆ ಒಂದು ಪುಟವೂ ನೆನಪಿರುವುದಿಲ್ಲ. ಮಾತೆತ್ತಿದರೆ ಸಿಡುಕು, ರಾತ್ರಿ ನಿದ್ದೆಯಿಲ್ಲ. ಕುಡಿಯುತ್ತಿದ್ದಾಗಲೇ ವಾಸಿ ಇದ್ದರೇನೋ ಅನ್ನಿಸುತ್ತಿದೆ. ಏನು ಮಾಡಲಿ?

ತಂಗಿ, ಆ ಕೊನೆಯ ಮಾತನ್ನು ಅವರೆದುರು ಮಾತ್ರ ಆಡಬೇಡಿ. ನಾನು ಆಡಿ ಅನುಭವಿಸಿದ್ದೇನೆ. ನಮ್ಮವರು ಮೊದಲ ಸಲ ಬಿಟ್ಟಾಗ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಕುಡಿಯುತ್ತಿದ್ದರು. ಪೇಪರ್ ಓದುವಾಗ ಸಾಲಿನ ಕೆಳಗೆ ಬೆರಳಿಟ್ಟು ಕೊನೆಯವರೆಗೆ ಬಂದು, ಮತ್ತೆ ಮೊದಲ ಸಾಲಿಗೇ ಹೋಗುತ್ತಿದ್ದರು. ಹತ್ತು ನಿಮಿಷದ ಹಿಂದೆ ಹೇಳಿದ್ದನ್ನು ಮರೆತು ‘ನೀನು ಹೇಳಲೇ ಇಲ್ಲ’ ಎಂದು ಜಗಳ. ಒಂದು ಸಂಜೆ ತಾಳ್ಮೆಗೆಟ್ಟು ‘ಕುಡಿದಾಗಲೇ ಮನುಷ್ಯರ ಹಾಗಿದ್ರಿ’ ಅಂದುಬಿಟ್ಟೆ. ಆ ರಾತ್ರಿಯೇ ಕುಡಿದು ಬಂದರು.

ನಾಲ್ಕು ತಿಂಗಳ ಮೇಲೆ ಯಾರಿಗೂ ಹೇಳದೆ ಒಮ್ಮೆಗೇ ನಿಲ್ಲಿಸಿದರು. ಮೂರನೇ ದಿನ ಹೊದಿಕೆ ಮೇಲೆ ಇರುವೆ ಹರಿಯುತ್ತಿವೆ ಎಂದು ಒಂದೊಂದಾಗಿ ಹೆಕ್ಕತೊಡಗಿದರು. ಒಂದು ಇರುವೆಯೂ ಇರಲಿಲ್ಲ. ಗಾಳಿ ಸೋಕಿದೆ ಎಂದು ಅತ್ತೆ ನಿಂಬೆಹಣ್ಣು ತರಿಸಿದರು. ಮೈದುನ ಆಸ್ಪತ್ರೆಗೆ ಸಾಗಿಸಿದ್ದಕ್ಕೆ ಜೀವ ಉಳಿಯಿತು. ಈಗ ಆರು ವರ್ಷ. ಅಂಗಡಿಯ ಲೆಕ್ಕವೆಲ್ಲ ಅವರದೇ. ಆದರೆ ಆ ನೆನಪಿನ ಶಕ್ತಿ ಮರಳಲು ಐದಾರು ತಿಂಗಳೇ ಬೇಕಾಯಿತು.
– ಓದುಗಿ, ಹಾಸನ

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಹಾಸನದ ಸಹೋದರಿ ಬರೆದಂಥ ಇರುವೆ ಹೆಕ್ಕುವವರನ್ನು ಎಷ್ಟೋ ಸಲ ನೋಡಿದ್ದೇನೆ. ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ವರ್ಷಗಟ್ಟಲೆ ಕುಡಿದರೆ ಮಿದುಳು ಅದಕ್ಕೆ ಎದುರಾಗಿ ತನ್ನ ಚಟುವಟಿಕೆ ಏರಿಸಿಕೊಂಡೇ ಇರುತ್ತದೆ. ಕುಡಿತ ನಿಂತ ದಿನ ತಡೆ ಹೋಯಿತು, ಏರಿದ್ದು ಹಾಗೇ ಉಳಿಯಿತು. ನಡುಕ, ಬೆವರು, ಸಿಡುಕು, ನಿದ್ದೆಗೇಡು ಎಲ್ಲ ಅದರದೇ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, 2ರಿಂದ 4ನೇ ದಿನದಲ್ಲಿ ಬುದ್ಧಿಭ್ರಮೆ. ಬಿಡುವುದು, ಹಿಡಿಯುವುದು ಮತ್ತೆ ಮತ್ತೆ ಆದಷ್ಟೂ ಮುಂದಿನ ಸಲ ಇನ್ನೂ ಜೋರು. ನಿಮ್ಮವರು ಆ ಗಂಡಾಂತರದ ದಿನಗಳನ್ನು ದಾಟಿದ್ದಾರೆ. ಈಗಿನ ಮರೆವು, ಕೋಪ ಅವರ ಸ್ವಭಾವವಲ್ಲ, ಮಿದುಳು ಇನ್ನೂ ಸಮಕ್ಕೆ ಬಂದಿಲ್ಲ.

ಆದರೂ ವೈದ್ಯರಿಗೆ ತೋರಿಸಲೇಬೇಕು. ಕುಡಿಯುವವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬತ್ತಿಹೋಗಿರುತ್ತದೆ. ನಡೆಯುವಾಗ ಓಲಾಡಿದರೆ, ಒಂದು ವಸ್ತು ಎರಡಾಗಿ ಕಂಡರೆ, ಗೊಂದಲಗೊಂಡು ನಡೆಯದ್ದನ್ನು ನಡೆದಂತೆ ಹೇಳತೊಡಗಿದರೆ ಆ ಹೊತ್ತಿಗೇ ಆಸ್ಪತ್ರೆಗೆ ಕರೆದೊಯ್ಯಿರಿ. ತಡವಾದರೆ ಮರೆವು ಶಾಶ್ವತವಾಗುವ ಭಯವಿದೆ. ಸುಸ್ತೆಂದು ಗ್ಲೂಕೋಸ್ ಬಾಟಲಿ ಹಾಕಿಸಲು ಹೋದರೆ ‘ಇವರು ಕುಡಿಯುತ್ತಿದ್ದರು’ ಎಂದು ಮುಚ್ಚಿಡದೆ ಹೇಳಿ. ಗ್ಲೂಕೋಸಿಗೆ ಮೊದಲು ಬಿ1 ಹೋಗಬೇಕು. ಮತ್ತೆ, ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ ಯಾರೇ ತಂದುಕೊಟ್ಟರೂ ಬೇಡ. ಅದರಲ್ಲಿ ಏನಿದೆಯೋ ಯಾರಿಗೂ ತಿಳಿಯದು, ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಬಂದೀತು. ಫೋನಿನಲ್ಲೇ ಕೇಳಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.
– ನಿವೃತ್ತ ಶುಶ್ರೂಷಕಿ, ಧಾರವಾಡ

ಅಕ್ಕಾ, ನಾನೇ ಬಿಟ್ಟವನು, ಮೇಷ್ಟ್ರು. ಬಿಟ್ಟ ಹೊಸದರಲ್ಲಿ ಹಾಜರಿ ಕರೆಯುವಾಗ ದಿನಾ ನೋಡುವ ಮಕ್ಕಳ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ನಾಚಿಕೆಯಾಗಿ ಅವರ ಮೇಲೇ ರೇಗುತ್ತಿದ್ದೆ. ನಿಮ್ಮವರ ಸಿಡುಕಿನಲ್ಲೂ ಅರ್ಧ ಈ ನಾಚಿಕೆ ಇದ್ದೀತು. ಗಂಟೆಗಟ್ಟಲೆ ಕೂರಿಸಬೇಡಿ. ಬೆಳಿಗ್ಗೆ ತಿಂಡಿ ತಿಂದ ಮೇಲೆ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಲಿ, ಓದಿದ್ದನ್ನು ಎರಡು ಸಾಲು ಬರೆಯಲಿ. ಸಂಜೆ ಅದೇ ಎರಡು ಸಾಲು ತೆರೆದು ನೋಡಲಿ. ನನಗೆ ಹಿಡಿದದ್ದು ಇದೇ. ಇಲಾಖಾ ಪರೀಕ್ಷೆ ಮತ್ತೆ ಬರುತ್ತದೆ, ಈ ಸಲದ್ದು ಬಿಟ್ಟರೂ ಬಿಡಲಿ. ನೀವು ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು ಬೇಡ. ಸಂಜೆ ಆರರಿಂದ ಎಂಟು, ಬಾರಿನ ಹೊತ್ತು, ಅವರನ್ನು ಒಬ್ಬರೇ ಬಿಡಬೇಡಿ. ಜೊತೆಗೆ ಒಂದು ಸುತ್ತು ನಡೆದು ಬನ್ನಿ.
– ಓದುಗ, ಕೊಪ್ಪಳ