ಅಪ್ಪ ಅಮ್ಮನ ಜೊತೆ ಕ್ಯಾಡೋ ಲೇಕ್: ದೋಣಿ, ಒಂದು ರಾತ್ರಿ ಕ್ಯಾಂಪಿಂಗ್, ಸ್ವಲ್ಪ ನಡಿಗೆ. ಆಗುತ್ತಾ?

ಪ್ಲೇನೋ_ಪುಟ್ಟ

ಎಲ್ಲರಿಗೂ ನಮಸ್ಕಾರ. ನಾವಿರುವುದು ಟೆಕ್ಸಸ್‌ನ ಡಾಲಸ್ ಹತ್ತಿರ, ಪ್ಲೇನೋದಲ್ಲಿ. ಅಪ್ಪ ಅಮ್ಮ ಊರಿಂದ ಬಂದು ಎರಡು ತಿಂಗಳಾಯಿತು. ಮಾಲ್, ದೇವಸ್ಥಾನ, ಕಾಸ್ಟ್‌ಕೋ, ಮತ್ತೆ ದೇವಸ್ಥಾನ. ಮೊನ್ನೆ ಅಪ್ಪ "ಈ ಊರಲ್ಲಿ ಒಂದು ಹೊಳೆ ಅನ್ನೋದೇ ಇಲ್ವೇನೋ?" ಅಂದರು. ಅವರು ಆನೆಗೊಂದಿ ಕಡೆಯವರು, ಸ್ಕೂಲಿಗೆ ಹರಿಗೋಲಿನಲ್ಲಿ ತುಂಗಭದ್ರೆ ದಾಟಿ ಹೋಗುತ್ತಿದ್ದವರು. ಅದಕ್ಕೆ ಟೆಕ್ಸಸ್‌ನ ಪೂರ್ವ ಅಂಚಿನ ದೊಡ್ಡ ಕೆರೆ ಕ್ಯಾಡೋ ಲೇಕ್, ಅದರ ಪಕ್ಕದ ಸ್ಟೇಟ್ ಪಾರ್ಕ್ ನೆನಪಾಯಿತು. ನವೆಂಬರ್ ಎರಡನೇ ವಾರ ಹೋಗೋಣ ಅಂತ.

ಅಪ್ಪನಿಗೆ 69, ಗಟ್ಟಿ ಇದ್ದಾರೆ. ಅಮ್ಮನಿಗೆ ಮೊಣಕಾಲು ನೋವು, ಸಮತಟ್ಟಾದ ದಾರಿಯಾದರೆ ಒಂದು ಮೈಲಿ ನಡೆಯುತ್ತಾರೆ. ಮಗನಿಗೆ 8. ನಾನು ಜೀವನದಲ್ಲಿ ಹುಟ್ಟು ಮುಟ್ಟಿದವನಲ್ಲ. ಟೆಂಟ್ ಸಾಕಾ ಅಥವಾ ಬೇರೆ ಏನಾದರೂ ಇದೆಯಾ? ಮೊಸಳೆ ಇದೆಯಂತೆ, ನಿಜವಾ? ಬೇಸಿಗೆಯಲ್ಲಿ ಬೇರೊಂದು ಪಾರ್ಕ್‌ಗೆ ಹೋಗಿ ಪಕ್ಕದ ಟೆಂಟ್‌ನವರ ಸ್ಪೀಕರ್ ರಾತ್ರಿಯೆಲ್ಲಾ ಕೇಳಿಸಿಕೊಂಡು ಬಂದಿದ್ದೇವೆ, ಹಾಗಾಗಿ ಮುಖ್ಯವಾಗಿ ಬೇಕಿರುವುದು ಸದ್ದಿಲ್ಲದ ಜಾಗ.

ಹುಟ್ಟು_ಹಾಕು

ಕಣ್ಣು ಮುಚ್ಚಿ ಹೋಗಿ ಗುರು. ಆದರೆ ಶನಿವಾರ ಬೇಡ, ವಾರದ ಮಧ್ಯೆ ಹೋಗಿ. ನವೆಂಬರ್‌ನಲ್ಲಿ ಕೆರೆಯ ನೀರಲ್ಲೇ ನಿಂತಿರುವ ಬಾಲ್ಡ್ ಸೈಪ್ರೆಸ್ ಮರಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತವೆ, ಆಮೇಲೆ ಪೂರ್ತಿ ಬೋಳು. ಅದಕ್ಕೇ ಬಾಲ್ಡ್, ಅಂದರೆ ಬೋಳು, ಅನ್ನೋ ಹೆಸರು. ನಿಮ್ಮ ಕಡೆಯಿಂದ ಮೂರು ಗಂಟೆ ದಾರಿ. ಐ-20 ಹೆದ್ದಾರಿ ಹಿಡಿದು ಮಾರ್ಷಲ್ ತನಕ, ಅಲ್ಲಿಂದ ಹೈವೇ 43ರಲ್ಲಿ ಉತ್ತರಕ್ಕೆ ಕಾರ್ನಾಕ್, ಪಾರ್ಕ್ ಇರುವ ಊರು.

ದೋಣಿ ವಿಷಯ. ಕಯಾಕ್ (ಕಿರಿದಾದ ಪುಟ್ಟ ದೋಣಿ) ಬೇಡ, ಕನೂ (ಮೇಲೆ ತೆರೆದ ಉದ್ದನೆಯ ದೋಣಿ) ತೆಗೆದುಕೊಳ್ಳಿ. ಹತ್ತುವಾಗ ಎರಡೂ ಅಂಚು ಹಿಡಿದು ಸರಿಯಾಗಿ ನಡುವೆ ಕಾಲಿಡಬೇಕು, ಬಗ್ಗಿಕೊಂಡೇ ಕೂರಬೇಕು, ಒಮ್ಮೆ ಕೂತ ಮೇಲೆ ಫೋಟೋಗೆ ಅಂತ ಯಾರೂ ಎದ್ದು ನಿಲ್ಲಬಾರದು. ಹಿಂದೆ ಕೂತವರೇ ದಿಕ್ಕು ತಿರುಗಿಸುವವರು. ಅಪ್ಪ ಹರಿಗೋಲಿನವರು ಅಂದಿರಿ, ಆದರೆ ಹರಿಗೋಲು ದುಂಡಗೆ, ತಿರುಗುತ್ತೆ ಹೊರತು ಅಷ್ಟು ಸುಲಭಕ್ಕೆ ಮಗುಚಲ್ಲ. ಕನೂ ಉದ್ದ, ಸ್ವಲ್ಪ ವಾಲಿದರೂ ಎದೆ ಝಲ್ಲೆನ್ನುತ್ತೆ. ಮೊದಲ ಹತ್ತು ನಿಮಿಷ ದಡದ ಹತ್ತಿರವೇ ಸುತ್ತಿ. 13 ವರ್ಷದೊಳಗಿನ ಮಕ್ಕಳು ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಲೇಬೇಕು, ಟೆಕ್ಸಸ್ ಕಾನೂನು. ನೀವೂ ಹಾಕಿಕೊಳ್ಳಿ, ಸುಮ್ನೆ ಸೀಟಿನ ಕೆಳಗೆ ತುರುಕಬೇಡಿ.

ಪಾರ್ಕ್ ಒಳಗಿನ ಸಾ ಮಿಲ್ ಪಾಂಡ್ ಅನ್ನೋ ಕೊಳ ಬಿಟ್ಟು ಹೊರಗೆ ಹೋಗಬೇಡಿ. ಹೊರಗೆ ಸೈಪ್ರೆಸ್ ಕಾಡಿನ ನಡುವೆ ನೀರಿನ ರಸ್ತೆಗಳಿವೆ. ಬೋಟ್ ರೋಡ್ ಅಂತಾರೆ, ನಂಬರ್ ಹಾಕಿದ ಕಂಬಗಳಿರುತ್ತವೆ. ನಾನು ಮೊದಲ ಸಲ ಬುದ್ಧಿವಂತನ ಹಾಗೆ ಕಂಬ ಬಿಟ್ಟು ಮರಗಳ ಮಧ್ಯೆ ನುಗ್ಗಿದೆ. ಎಲ್ಲಾ ಕಡೆ ಅದೇ ಮರ, ಅದೇ ನೀರು, ಫೋನಿನಲ್ಲಿ ಸಿಗ್ನಲ್ ಇಲ್ಲ. ಒಂದೂವರೆ ಗಂಟೆ ಸುತ್ತಿ ಒಬ್ಬ ಮೀನು ಹಿಡಿಯುವವರ ಹಿಂದೆ ಬಂದು ಬಚಾವಾದೆ. ಇನ್ನೊಂದು, ಆ ಹೊತ್ತಿಗೆ ಚಳಿಗಾಲಕ್ಕೆ ಅಂತ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕಿರುತ್ತಾರೆ, ಐದೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ನಾಲ್ಕಕ್ಕೆ ದಡ ಸೇರಿ.

ಮೊಸಳೆ ಇದೆ, ನಿಜ. ಇವು ಆಲಿಗೇಟರ್, ನಮ್ಮ ಹೊಳೆ ಮೊಸಳೆಯಷ್ಟು ಮೇಲೆ ಬೀಳುವ ಜಾತಿಯಲ್ಲ, ಚಳಿ ಬಿದ್ದರೆ ಇನ್ನೂ ಮಂಕು. ಏನೂ ತಿನ್ನಿಸಬೇಡಿ, ಮಗ ನೀರಲ್ಲಿ ಕೈ ಇಳಿಬಿಡದ ಹಾಗೆ ನೋಡಿಕೊಳ್ಳಿ.

ಬೆಂಕಿಪೊಟ್ಟಣ

ಟೆಂಟ್ ಬೇಡ ರೀ, ಅಮ್ಮ ನೆಲದಿಂದ ಏಳುವುದು ಹೇಗೆ? ಅಲ್ಲಿ ಸ್ಕ್ರೀನ್ಡ್ ಶೆಲ್ಟರ್ ಸಿಗುತ್ತೆ. ಸೂರು, ನೆಲ, ಸುತ್ತ ಸೊಳ್ಳೆ ಜಾಲರಿ, ಅಷ್ಟೇ. ಮಂಚ ಇರಲ್ಲ, ಮಡಚುವ ಮಂಚ ನೀವೇ ತರಬೇಕು. ಇನ್ನೂ ಆರಾಮ ಬೇಕೆಂದರೆ ಕ್ಯಾಬಿನ್‌ಗಳಿವೆ, 1930ರ ದಶಕದಲ್ಲಿ ಕೆಲಸವಿಲ್ಲದ ಹುಡುಗರಿಗೆ ಸರ್ಕಾರ ಕೆಲಸ ಕೊಟ್ಟು ಕಟ್ಟಿಸಿದವು. ಆದರೆ ಅವು ಬೇಗ ಭರ್ತಿ. ರಾತ್ರಿ ಉಳಿಯುವ ಬುಕಿಂಗ್ ಐದು ತಿಂಗಳು ಮೊದಲೇ ತೆರೆಯುತ್ತೆ, ಆದರೂ ಯಾರಾದರೂ ರದ್ದು ಮಾಡುತ್ತಿರುತ್ತಾರೆ, ದಿನಾ ಬೆಳಿಗ್ಗೆ ಒಮ್ಮೆ ನೋಡಿ. ಆಗಾಗ ಸ್ಟೇಟ್ ಪಾರ್ಕ್‌ಗಳಿಗೆ ಹೋಗುವವರಾದರೆ ವರ್ಷದ ಪಾಸ್ ಲಾಭ, ನಿಮ್ಮ ಕಾರಿನಲ್ಲಿ ಬಂದವರಿಗೆಲ್ಲಾ ಪ್ರವೇಶ ಅದರಲ್ಲೇ.

ಸೌದೆ ಅಲ್ಲಿ ಆರಿಸುವಂತಿಲ್ಲ, ಕೊಂಡುಕೊಳ್ಳಬೇಕು. ಒಣಗಿದ ಕಾಲದಲ್ಲಿ ಬೆಂಕಿ ಹಾಕುವುದಕ್ಕೇ ನಿಷೇಧ ಇರಬಹುದು, ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ದೋಣಿ ಬಾಡಿಗೆಯನ್ನೂ ಅದೇ ಫೋನಿನಲ್ಲಿ ಕೇಳಿ. ನಾವು ಗ್ಯಾಸ್ ಒಲೆಯ ಮೇಲೆ ಉಪ್ಪಿಟ್ಟು ಮಾಡಿದೆವು, ಮನೆಯಲ್ಲೇ ರವೆ ಹುರಿದು ಒಗ್ಗರಣೆ ಕಲಸಿ ಡಬ್ಬಿಗೆ ಹಾಕಿಕೊಂಡು ಹೋಗಿದ್ದೆ, ಬಿಸಿನೀರು ಹಾಕಿದರೆ ಆಯಿತು.

ಮತ್ತೆ ರಕೂನ್, ರಾತ್ರಿ ತಿಂಡಿ ಕದಿಯುವ ಬೆಕ್ಕಿನಷ್ಟು ದೊಡ್ಡ ಕಾಡುಪ್ರಾಣಿ! ರಾತ್ರಿ ಮೇಜಿನ ಮೇಲೆ ಕೋಡುಬಳೆ ಡಬ್ಬಿ ಮರೆತಿದ್ದೆ. ಬೆಳಿಗ್ಗೆ ನೋಡಿದರೆ ಮುಚ್ಚಳ ಒಂದು ಕಡೆ, ಡಬ್ಬಿ ಒಂದು ಕಡೆ, ಒಂದೂ ಉಳಿದಿರಲಿಲ್ಲ. ಪಕ್ಕದಲ್ಲೇ ಇದ್ದ ಬ್ರೆಡ್ಡನ್ನು ಮುಟ್ಟಿರಲಿಲ್ಲ. ತಿಂಡಿಯೆಲ್ಲಾ ಕಾರಿನೊಳಗೆ ಇಡಿ.

ಕೆರೆ_ಏರಿ

ಮೇಲಿನವರು ಎಲ್ಲಾ ಹೇಳಿದ್ದಾರೆ, ಒಂದಕ್ಕೆ ಮಾತ್ರ ನನ್ನ ತಕರಾರು. ಮೊದಲ ಸಲವೇ ಅಮ್ಮನನ್ನು ಕನೂನಲ್ಲಿ ಯಾಕೆ ಕೂರಿಸಬೇಕು? ಪಕ್ಕದಲ್ಲೇ ಅನ್‌ಸರ್ಟನ್ ಅಂತ ಊರಿದೆ (ಊರಿನ ಹೆಸರೇ ಅದು, ತಮಾಷೆಯಲ್ಲ). ಆ ಕಡೆ ಚಪ್ಪಟೆ ದೋಣಿಯಲ್ಲಿ ಕೆರೆ ತೋರಿಸುವವರು ಇದ್ದಾರೆ. ಅಮ್ಮ ಅದರಲ್ಲಿ ಹೋಗಲಿ. ನೀವು, ಅಪ್ಪ, ಮಗ ಕನೂನಲ್ಲಿ ಹೋಗಿ.

ಮರಗಳಿಂದ ಬೂದು ಬಣ್ಣದ ಗಡ್ಡದ ಹಾಗೆ ಇಳಿಬಿದ್ದಿರುತ್ತಲ್ಲ, ಸ್ಪ್ಯಾನಿಷ್ ಮಾಸ್, ಅದನ್ನು ನೋಡಿ ನನ್ನ ಅತ್ತೆ "ಅಯ್ಯೋ ಎಷ್ಟೊಂದು ಬದನಿಕೆ, ಮರ ಸಾಯುತ್ತೆ" ಅಂದಿದ್ದರು. ಬದನಿಕೆಯಲ್ಲ. ಅದು ಅನಾನಸ್ ಕುಟುಂಬದ ಗಿಡ, ಮರದ ರಸ ಹೀರಲ್ಲ, ಗಾಳಿಯ ತೇವದಲ್ಲೇ ಬದುಕುತ್ತೆ. ಮರದ ಬುಡದ ಸುತ್ತ ಮೊಳದುದ್ದ ಗೂಟಗಳ ಹಾಗೆ ಎದ್ದಿರುವವಕ್ಕೆ ಇಲ್ಲಿಯವರು ಮೊಣಕಾಲು ಅಂತಲೇ ಕರೆಯುತ್ತಾರೆ. ಅಮ್ಮನಿಗೆ ಹೇಳಿ, ನೋವು ಮರೆತು ನಗುತ್ತಾರೆ. ಕಾಡಿನ ನಡಿಗೆಯಲ್ಲಿ ಅಲ್ಲಲ್ಲಿ ಏರಿಳಿತ ಇದೆ, ಅಮ್ಮನಿಗೆ ಪಾಂಡ್ ಸುತ್ತಮುತ್ತಲೇ ಸಾಕು.

ನೀರಿನ ಮೇಲೆ ಹಸಿರು ಹಾಸು ಕಂಡರೆ ಚಂದ ಅಂತ ಮೆಚ್ಚಬೇಡಿ. ಜೈಂಟ್ ಸಾಲ್ವಿನಿಯಾ ಅದು, ಬ್ರೆಜಿಲ್ ಕಡೆಯ ಕಳೆ, 2006ರಲ್ಲಿ ಈ ಕೆರೆ ಸೇರಿತು. ನಮ್ಮ ಕೆರೆಗಳಲ್ಲಿ ಅಂತರಗಂಗೆ ತುಂಬಿಕೊಂಡ ಹಾಗೆಯೇ, ಅನುಕೂಲ ಸಿಕ್ಕರೆ ಒಂದೇ ವಾರದಲ್ಲಿ ಎರಡರಷ್ಟಾಗುತ್ತೆ. ಅದನ್ನು ತಿನ್ನುವ ಪುಟ್ಟ ಮೂತಿಹುಳ ಸಾಕಿ ಕೆರೆಗೆ ಬಿಡುತ್ತಿದ್ದಾರೆ. ಸ್ವಂತ ದೋಣಿ ತಂದರೆ ಒಂದು ಎಲೆಯೂ ಅಂಟಿರದ ಹಾಗೆ ಒರೆಸಿ, ದೋಣಿಯೊಳಗಿನ ನೀರು ಚೆಲ್ಲಿ ಒಯ್ಯಿರಿ.

ಪ್ಲೇನೋ_ಪುಟ್ಟ

ಎಲ್ಲರಿಗೂ ಥ್ಯಾಂಕ್ಸ್. ಬೆಂಕಿಪೊಟ್ಟಣ ಅವರು ಹೇಳಿದ ಹಾಗೆ ಬೆಳಿಗ್ಗೆ ಬೆಳಿಗ್ಗೆ ನೋಡುತ್ತಿದ್ದೆ, ಇವತ್ತು ಒಂದು ಶೆಲ್ಟರ್ ಸಿಕ್ಕಿತು, ಮಂಗಳವಾರ ರಾತ್ರಿಗೆ. ಮಗನ ಸ್ಕೂಲಿಗೆ ಎರಡು ದಿನ ಚಕ್ಕರ್. ಚಪ್ಪಟೆ ದೋಣಿ ವಿಷಯ ಅಮ್ಮನಿಗೆ ಹೇಳಿದೆ, "ನಾನೇನು ಮುದುಕಿಯಾ, ನಿಮ್ಮಪ್ಪ ಎಲ್ಲಿ ಕೂರುತ್ತಾರೋ ಅಲ್ಲೇ ನಾನು" ಅಂದರು. ಹಾಗಾಗಿ ಈಗ ಕನೂ ಒಂದಲ್ಲ, ಎರಡು. ಅಪ್ಪ ಆಗಲೇ ಪೊರಕೆ ಹಿಡಿದು ಸೋಫಾ ಮೇಲೆ ಕೂತು ಮೊಮ್ಮಗನಿಗೆ ಹುಟ್ಟು ಹಾಕುವುದನ್ನು ಕಲಿಸುತ್ತಿದ್ದಾರೆ.

ಡಾಲಸ್ ಕಡೆ ಯಾರ ಹತ್ತಿರವಾದರೂ ಎರಡು ಮಡಚುವ ಮಂಚ ಇದ್ದರೆ ಮೆಸೇಜ್ ಹಾಕಿ, ಎರಡು ದಿನಕ್ಕೆ ಸಾಕು. ಬದಲಿಗೆ ಅಮ್ಮನ ಕೈಯ ಕೋಡುಬಳೆ, ರಕೂನ್‌ಗೆ ಸಿಗುವ ಮುಂಚೆ.