4ನೇ ಕ್ರಾಸಿನ ಐದು ಮಹಡಿ: ಶನಿವಾರದ ಮೀಟಿಂಗಿಗೆ ಮೊದಲು ಓದಿ (ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಗುಂಪಿನ ಮಾತುಕತೆ)

4ನೇ ಕ್ರಾಸ್, ಮನೆ 27
ಎಲ್ಲರಿಗೂ ನಮಸ್ಕಾರ. ನಮ್ಮ ಕ್ರಾಸಿನ ಮೂಲೆ ಸೈಟಿನಲ್ಲಿ ನಿನ್ನೆ ಐದನೇ ಮೋಲ್ಡ್ ಹಾಕಿದರು. ಸೈಟು 30 ಬೈ 40, ಮುಂದಿರುವುದು 30 ಅಡಿ ರಸ್ತೆ. ಸ್ಟಿಲ್ಟ್ (ಕೆಳಗೆ ಬರೀ ಕಂಬಗಳಿರುವ ಪಾರ್ಕಿಂಗ್ ಜಾಗ) ಇಲ್ಲ, ನೆಲಮಹಡಿಯಿಂದಲೇ ರೂಮು ಶುರು. ಮಹಡಿಗೆ ಮೂರು ಮನೆ, ಪ್ರತಿಯೊಂದಕ್ಕೂ ಪುಟ್ಟ ಅಡುಗೆಕಟ್ಟೆ, ಬಾತ್‌ರೂಮು. ಒಟ್ಟು ಹದಿನೈದು. ಮೇಸ್ತ್ರಿಯೇ ಹೇಳಿದರು, ಗುಟ್ಟೇನಲ್ಲ. ನಮ್ಮ ಬೀದಿಯ ಯುಜಿಡಿ (ಒಳಚರಂಡಿ) ಪೈಪು ಹಾಕಿದ್ದು ಸೈಟಿಗೊಂದೋ ಎರಡೋ ಮನೆ ಇದ್ದ ಕಾಲದಲ್ಲಿ. ಈಗಲೇ ಮಳೆ ಬಂದರೆ ಮ್ಯಾನ್‌ಹೋಲ್ ಉಕ್ಕಿ ಗೇಟಿನ ಮುಂದೆ ನಿಲ್ಲುತ್ತದೆ. ಹದಿನೈದು ಮನೆಗೆ ಕನಿಷ್ಠ ಹದಿನೈದು ಬೈಕು ಅಂತಿಟ್ಟುಕೊಳ್ಳಿ, ಅವೆಲ್ಲ ನಿಲ್ಲುವುದು ರಸ್ತೆಯಲ್ಲೇ ಅಲ್ವಾ? ಶನಿವಾರ ಬೆಳಿಗ್ಗೆ 10ಕ್ಕೆ ಪಾರ್ಕಿನಲ್ಲಿ ಸೇರೋಣ.

6ನೇ ಕ್ರಾಸ್, ಮನೆ 41
ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ ಸರ್. 1200 ಚದರಡಿ ಸೈಟಿಗೆ ಈಗ ಓಸಿಯೇ (ಕಟ್ಟಡ ನಕ್ಷೆಯಂತೆ ಇದೆ, ವಾಸ ಮಾಡಬಹುದು ಅನ್ನುವ ಪತ್ರ) ಬೇಡ ಅಂತ ಸರ್ಕಾರ ಹೇಳಿಯಾಗಿದೆ. ಕರೆಂಟು ನೀರು ಎಲ್ಲಾ ಸಿಗುತ್ತದೆ ಅವರಿಗೆ.

4ನೇ ಕ್ರಾಸ್, ಮನೆ 27
ಅರ್ಧ ಓದಿದ್ದೀರಿ ಸರ್. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂತ ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಹೇಳಿತು. ಸಣ್ಣ ಮನೆ ಕಟ್ಟಿದವರೂ ಸಿಕ್ಕಿಹಾಕಿಕೊಂಡರು. ಅವರಿಗೋಸ್ಕರ 2025ರ ಅಕ್ಟೋಬರಿನಲ್ಲಿ ರಿಯಾಯಿತಿ ಬಂತು. ಅದು ನೆಲಮಹಡಿ ಜೊತೆ ಎರಡು ಮಹಡಿ, ಇಲ್ಲವೇ ಸ್ಟಿಲ್ಟ್ ಜೊತೆ ಮೂರು, ಅಷ್ಟಕ್ಕೇ. ಇದು ನೆಲಮಹಡಿ ಜೊತೆ ನಾಲ್ಕು.

1ನೇ ಮೈನ್, ಮನೆ 3 (ನಿವೃತ್ತ ಇಂಜಿನಿಯರ್)
ಲೆಕ್ಕ ಬಾಯಲ್ಲೇ ಬರಲಿ ಅಂತ ಚದರದಲ್ಲಿ ಹೇಳುತ್ತೇನೆ. 100 ಚದರಡಿಗೆ ಒಂದು ಚದರ, ಹಾಗಾಗಿ ಆ ಮೂಲೆ ಸೈಟು 12 ಚದರ. ಆರ್‌ಎಂಪಿ 2015ರಲ್ಲಿ, ಅಂದರೆ ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನಿನಲ್ಲಿ, ಈ ಅಳತೆಯ ಸೈಟಿಗೆ, ಇಂಥ ರಸ್ತೆಗೆ, ಎಫ್‌ಎಆರ್ (ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) 1.75. ಅಂದರೆ ಎಲ್ಲ ಮಹಡಿ ಸೇರಿ 21 ಚದರ. ಒಂದು ಮಹಡಿ ಸೈಟಿನ ಶೇ. 75 ಮೀರುವಂತಿಲ್ಲ, ಅಂದರೆ 9 ಚದರ. ಮೂಲೆಯವರು ಸೆಟ್‌ಬ್ಯಾಕ್ (ಸುತ್ತ ಬಿಡಬೇಕಾದ ಖಾಲಿ ಜಾಗ) ಸರಿಯಾಗಿ ಬಿಡದೆ ಮಹಡಿಗೆ 10 ಚದರ ಏರಿಸಿದ್ದಾರೆ. ಐದು ಮಹಡಿಗೆ 50.

ಅಕ್ರಮ ಸಕ್ರಮ ಬರುತ್ತದೆ ಬಿಡಿ ಅನ್ನುವವರಿಗೂ ಒಂದು ಮಾತು. ದಂಡ ಕಟ್ಟಿಸಿಕೊಂಡು ಉಲ್ಲಂಘನೆಯನ್ನು ಸಕ್ರಮ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅದು ಜಾರಿಗೆ ಬಂದಿದ್ದರೂ ವಾಸದ ಮನೆಗೆ ಮಾಫಿ ಇದ್ದದ್ದು ಶೇ. 50ರ ಉಲ್ಲಂಘನೆವರೆಗೆ. 21ಕ್ಕೆ ಅದರ ಅರ್ಧ ಸೇರಿಸಿ, 31 ಚಿಲ್ಲರೆ. 50 ಎಲ್ಲಿ, 31 ಎಲ್ಲಿ?

ಇನ್ನು ಹದಿನೈದು ಮನೆ ಅನ್ನುವುದರ ಬಗ್ಗೆ. ಎಫ್‌ಎಆರ್ ಅಳೆಯುವುದು ಜಾಗವನ್ನು, ಅಡುಗೆಮನೆಗಳನ್ನಲ್ಲ. 21 ಚದರದೊಳಗೆ ಎಷ್ಟು ಸಂಸಾರ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಅದು ನಕ್ಷೆಯಲ್ಲಿ ಇರುತ್ತದೆ. ಮನೆ ಹೆಚ್ಚಾದಷ್ಟೂ ಪಾರ್ಕಿಂಗ್ ತೋರಿಸಬೇಕು, ಹಾಗಾಗಿ ನಕ್ಷೆಯಲ್ಲಿ ಒಂದೇ ಮನೆ, ಬೆಡ್‌ರೂಮು ಮಾತ್ರ ಜಾಸ್ತಿ ಅಂತ ಬರೆಸುತ್ತಾರೆ. ಅಡುಗೆಕಟ್ಟೆ ಆಮೇಲೆ ಬರುತ್ತದೆ. 2024ರಲ್ಲಿ ಬಂದ, ಬೇಗ ನಕ್ಷೆ ಮಂಜೂರು ಮಾಡುವ ನಂಬಿಕೆ ನಕ್ಷೆ ಯೋಜನೆಯಲ್ಲೂ 50 ಬೈ 80ರವರೆಗಿನ ಸೈಟಿಗೆ ನಾಲ್ಕು ಮನೆಯ ಮಿತಿ ಇತ್ತು. ಇವರು ಏನು ತೋರಿಸಿ ಮಂಜೂರು ಮಾಡಿಸಿಕೊಂಡರೋ ಮೊದಲು ಅದು ಕೈಗೆ ಸಿಗಬೇಕು. ಅಲ್ಲಿವರೆಗೆ ನಾವು ಆಡುವುದೆಲ್ಲ ಬರೀ ಜಗಳ. ಮೀಟರ್ ಬೋರ್ಡು ಹಾಕಿದ ದಿನ ಒಂದು ಫೋಟೋ ತೆಗೆದಿಡಿ, ಎಷ್ಟು ಮೀಟರೋ ಅಷ್ಟು ಮನೆ.

5ನೇ ಮೈನ್, ಮನೆ 60
ಸೈಟಿಗೆ ಒಂದೇ ಮನೆ ಅಂತ ಕಾನೂನು ಕೇಳೋಣ. ಚಂಡೀಗಢದಲ್ಲಿ ಆಗಿದೆಯಲ್ಲ! ಅಲ್ಲಿಯ ನಿವಾಸಿಗಳ ಸಂಘವೇ ಸುಪ್ರೀಂ ಕೋರ್ಟಿಗೆ ಹೋಗಿ ಗೆದ್ದಿದೆ.

1ನೇ ಮೈನ್, ಮನೆ 3
2023ರ ಜನವರಿ ತೀರ್ಪು ತಾನೇ. ಅದು 1ರಿಂದ 30ನೇ ಸೆಕ್ಟರಿಗೆ, ಅಂದರೆ ಆ ಊರನ್ನು ರೂಪಿಸಿದ ವಾಸ್ತುಶಿಲ್ಪಿ ಕಾರ್ಬೂಸಿಯೆ ಯೋಜನೆಯ ಮೊದಲ ಹಂತಕ್ಕೆ. ಅಲ್ಲಿ ಒಂದು ಸೈಟಿನ ಮನೆಯನ್ನು ಮಹಡಿ ಮಹಡಿಯಾಗಿ ಪಾಲು ಮಾಡಿ ಅಪಾರ್ಟ್‌ಮೆಂಟಿನಂತೆ ಮಾರುತ್ತಿದ್ದರು, ಅದನ್ನು ನಿಲ್ಲಿಸಿದರು. ಪಾರಂಪರಿಕ ನಗರ ಅನ್ನುವುದು ದೊಡ್ಡ ಕಾರಣ. ನಮ್ಮ ಬಡಾವಣೆಗೆ ಯಾವ ಪರಂಪರೆ ಹೇಳುತ್ತೀರಿ, ಮುರಿದ ಜಾರುಬಂಡೆಯದೇ? ಆದರೆ ಒಂದು ವಿಷಯ ನಮಗೂ ತಟ್ಟುತ್ತದೆ. ಯೋಜನೆ ಇಲ್ಲದೆ ಬೆಳೆದರೆ ಊರು ಹೇಗಾಗುತ್ತದೆ ಅನ್ನುವುದಕ್ಕೆ ಆ ತೀರ್ಪಿನಲ್ಲಿ ಎಚ್ಚರಿಕೆಯಾಗಿ ತೋರಿಸಿರುವುದು ಬೆಂಗಳೂರನ್ನೇ.

2ನೇ ಕ್ರಾಸ್, ಮನೆ 12 (ಮೇಲ್ಮಹಡಿ, ಬಾಡಿಗೆ)
ಕ್ಷಮಿಸಿ, ಆದರೆ ಹೇಳಲೇಬೇಕು. ಸೈಟಿಗೆ ಒಂದೇ ಮನೆ ಅಂದರೆ ನಾನು ಈ ಗುಂಪಿನಲ್ಲೇ ಇರುತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನರ ಮನೆ ಮೇಲೆ ಬಾಡಿಗೆಯವರಿಲ್ಲ ಹೇಳಿ? ಪೆನ್ಷನ್ ಸಾಲದೆ ಮೇಲೊಂದು ಮನೆ ಕಟ್ಟಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಮೀಟಿಂಗಿನಲ್ಲಿ ಪ್ರತಿ ಸಲ "ಬ್ಯಾಚುಲರ್ಸ್ ಬರುತ್ತಾರೆ, ಪಿಜಿ ಆಗುತ್ತದೆ" ಅಂತಲೇ ಶುರುವಾಗುತ್ತದೆ. ಆ ರೂಮಿಗೆ ಬರುವವರು ಗಾಳಿ ಬೆಳಕಿಲ್ಲದ ಜಾಗಕ್ಕೆ ಬಾಡಿಗೆ ಕಟ್ಟುವವರು. ಗೋಡೆಗೆ ಗೋಡೆ ತಾಗಿದ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಮೊದಲು ಸಿಕ್ಕಿಕೊಳ್ಳುವವರೂ ಅವರೇ.

3ನೇ ಕ್ರಾಸ್, ಮನೆ 19
ನಂದೊಂದು ಪ್ರಶ್ನೆ, ಯಾರೂ ಬೈಬೇಡಿ. ನಮ್ಮ ಎರಡನೇ ಮಹಡಿ ನಕ್ಷೆಯಲ್ಲಿ ಇಲ್ಲ. ಮೂಲೆ ಕಟ್ಟಡದ ದೂರಿಗೆ ಸಹಿ ಹಾಕಿದರೆ ನನಗೇ ನೋಟಿಸ್ ಬರುತ್ತದಾ?

4ನೇ ಕ್ರಾಸ್, ಮನೆ 27
19ನೇ ಮನೆ ಆಂಟಿ, ನೀವು ಕೇಳಿದ್ದು ಒಳ್ಳೆಯದಾಯಿತು. ಇದೇ ಭಯಕ್ಕೆ ಹೋದ ಸಲದ ಅರ್ಜಿಗೆ ಅರ್ಧ ಬೀದಿ ಸಹಿ ಹಾಕಲಿಲ್ಲ. ಬರುವುದಿಲ್ಲ ಅಂತ ನಾನು ಮಾತು ಕೊಡಲಾರೆ. ನಿಮಗೆ ಇಷ್ಟವಿದ್ದರೆ ಮ್ಯಾನ್‌ಹೋಲ್ ದೂರಿಗೆ ಮಾತ್ರ ಸಹಿ ಹಾಕಿ, ಅದು ಬೇರೆ ಅರ್ಜಿ.

12ನೇ ಮನೆ ಮೇಡಂ ಹೇಳಿದ್ದು ಸರಿ. ಬಾಡಿಗೆಯವರು ಯಾರು ಅನ್ನುವುದು ನಮ್ಮ ದೂರಲ್ಲ. 21 ಚದರಕ್ಕೆ ಅನುಮತಿ ಪಡೆದು 50 ಕಟ್ಟಿದರೆ ಅದು ದೂರು. ಸೈಟಿಗೆ ಒಂದೇ ಮನೆ ಅನ್ನುವುದನ್ನು ನಾನಂತೂ ಕೇಳುವುದಿಲ್ಲ.

ಕೆಲಸ ಎರಡಿದೆ. ನಕ್ಷೆಯ ದೃಢೀಕೃತ ಪ್ರತಿಗೆ ಆರ್‌ಟಿಐ, ಶುಲ್ಕ 10 ರೂಪಾಯಿ, ಅದನ್ನು ನಾನೇ ಹಾಕುತ್ತೇನೆ. ಉತ್ತರಕ್ಕೆ 30 ದಿನ ಬೇಕು, ಅಷ್ಟರಲ್ಲಿ ಟೈಲ್ಸ್ ಹಾಕಿ ಗೃಹಪ್ರವೇಶದ ಹೋಳಿಗೆಯನ್ನೂ ತಿಂದಿರುತ್ತಾರೆ. ಹಾಗಾಗಿ ಫೋಟೋ ಸಮೇತ ದೂರು ಸೋಮವಾರವೇ ವಾರ್ಡ್ ಆಫೀಸಿಗೆ, ಒಂದು ಪ್ರತಿ ಮೇಲಿನ ಇಂಜಿನಿಯರಿಗೆ. ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬರಬೇಕು. ಬಾಯಲ್ಲಿ ಹೇಳಿ ಬಂದರೆ ಆಮೇಲೆ "ಯಾವ ದೂರು?" ಅನ್ನುತ್ತಾರೆ. ಇಂಜಿನಿಯರ್ ಅಂಕಲ್, ನಿಮ್ಮ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಡಿ.

1ನೇ ಮೈನ್, ಮನೆ 3
ಶುಕ್ರವಾರ ಸಂಜೆ ಬಂದು ತೆಗೆದುಕೊಂಡು ಹೋಗಿ. ರಸ್ತೆ ಅಗಲ ಟೇಪು ಹಿಡಿದು ಅಳೆದು ಬರೆಯುತ್ತೇನೆ, ಅಂದಾಜು ಬೇಡ. ಒಬ್ಬರು ಇನ್ನೊಂದು ತುದಿ ಹಿಡಿಯಬೇಕು.

2ನೇ ಕ್ರಾಸ್, ಮನೆ 12
ಶನಿವಾರ ನನಗೆ ಶಿಫ್ಟ್ ಇದೆ. ದೂರಿನ ಕರಡು ಇಲ್ಲೇ ಹಾಕಿ. "ಬ್ಯಾಚುಲರ್ಸ್" ಅಂತ ಕಂಡರೆ ಸಹಿ ಇಲ್ಲ.

6ನೇ ಕ್ರಾಸ್, ಮನೆ 41
ಟೇಪು ಹಿಡಿಯಲು ನಾನು ಬರುತ್ತೇನೆ. ಜೆರಾಕ್ಸ್ ಖರ್ಚೂ ನಂದೇ ಇರಲಿ.